ಪದಚರ್ಚೆ: ರಿವಾಲ್ವರಿನ ‘ಫ್ರೇಮ್’ ಚೌಕಟ್ಟೋ, ಮೈಕಟ್ಟೋ?

ಎಲ್ಲರಿಗೂ ನಮಸ್ಕಾರ.

ಹದಿನೈದು ದಿನದಿಂದ ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ. ನಿಮ್ಮೆಲ್ಲರ ಅಭಿಪ್ರಾಯ ಬೇಕು.

ನನ್ನ ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. ರಜೆ ಸಿಕ್ಕಿದಾಗಲೆಲ್ಲ ರಿವಾಲ್ವರ್ ಹಿಡಿದು ಗುರಿ ಹೊಡೆಯಲು ಹೋಗುತ್ತಾನೆ. ಅಲ್ಲಿನ ಹವ್ಯಾಸಿಗಳಿಗೆ ಯಾವ ಯಾವ ದೊಡ್ಡ ರಿವಾಲ್ವರ್ ಇಷ್ಟ, ಯಾಕೆ ಇಷ್ಟ ಅಂತ ನಾಲ್ಕು ಪುಟ ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದಾನೆ. ನಮ್ಮ ಒಕ್ಕದ (ಮನೆತನದ) ಸ್ಮರಣ ಸಂಚಿಕೆಗೆ ಅದನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಂತು. ಕೊಡಗಿನಲ್ಲಿ ಕೋವಿಯ ಮಾತು ಮನೆಮಾತು. ಕೋವಿ ಲೈಸೆನ್ಸಿನಿಂದ ಕೊಡವರಾದ ನಮಗಿರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದಾಗ ಊರೆಲ್ಲ ಅದೇ ಸುದ್ದಿ. ಹಾಗಾಗಿ ಪದಗಳಿಗೇನೂ ಬರ ಇಲ್ಲ ಅಂದುಕೊಂಡೇ ಕೂತೆ. ಆದರೆ ತಲೆಬರಹದಲ್ಲೇ ಪೆನ್ನು ನಿಂತಿತು. ‘ಲಾರ್ಜ್ ಫ್ರೇಮ್ ರಿವಾಲ್ವರ್’ಗೆ ಏನನ್ನಬೇಕು?

ಫ್ರೇಮ್ ಅಂದರೆ ರಿವಾಲ್ವರಿನ ನಡುಭಾಗ. ನಳಿಗೆ ಅದಕ್ಕೇ ಸೇರುತ್ತದೆ, ಹಿಡಿ ಅದಕ್ಕೇ ಕೂರುತ್ತದೆ, ಕುದುರೆ (ಹಿಂದೆ ಎದ್ದು ಬಡಿಯುವ ತುಂಡು), ಟ್ರಿಗರ್ ಎಲ್ಲ ಅದರೊಳಗೆ. ತೋಟೆ (ಕಾರ್ಟ್ರಿಜ್) ತುಂಬುವ ಉರುಳೆ, ಅಂದರೆ ಸಿಲಿಂಡರ್, ತಿರುಗುವುದೂ ಅದರಲ್ಲೇ. ನಿಘಂಟು ತೆಗೆದರೆ ಫ್ರೇಮಿಗೆ ‘ಚೌಕಟ್ಟು’ ಅಂತಿದೆ. ‘ದೊಡ್ಡ ಚೌಕಟ್ಟಿನ ರಿವಾಲ್ವರ್’ ಅಂತ ಬರೆದು ನೋಡಿದೆ. ಗೋಡೆಗೆ ತೂಗುಹಾಕಿದ ಫೋಟೋ ಕಣ್ಣ ಮುಂದೆ ಬಂತು.

ಆದರೂ ಸುಮ್ನೆ ತಳ್ಳಿಹಾಕಬಾರದು ಅಂತ ಯೋಚಿಸಿದೆ. ಸ್ಮಿತ್ ಅಂಡ್ ವೆಸ್ಸನ್, ಈಗಿನ ಕೋಲ್ಟ್, ರೂಗರ್ ಈ ಕಂಪನಿಗಳ ರಿವಾಲ್ವರಿನ ಉರುಳೆಯನ್ನು ಪಕ್ಕಕ್ಕೆ ಸರಿಸಿದರೆ ನಿಜಕ್ಕೂ ಒಂದು ಕಿಟಕಿ ಕಾಣುತ್ತದೆ. ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ಹಿಂದೆ ಮುಂದೆ ಗಟ್ಟಿ ಲೋಹ. ನಾಲ್ಕೂ ಕಡೆ ಕಟ್ಟಿದ್ದು, ಚೌಕಟ್ಟೇ. ಸರಿ ಅನ್ನೋಣ ಅಂದರೆ 1851ರ ಕೋಲ್ಟ್ ನೇವಿಯ ಚಿತ್ರ ನೋಡಿ. ಅದಕ್ಕೆ ಮೇಲಿನ ಪಟ್ಟಿಯೇ ಇಲ್ಲ, ಉರುಳೆಯ ನೆತ್ತಿ ಬಯಲು. ಹಾಗಿದ್ದರೂ ಇಂಗ್ಲಿಷಿನವರು ಅದಕ್ಕೂ ಫ್ರೇಮ್ ಅಂತಲೇ ಅನ್ನುತ್ತಾರೆ. ಚೌಕಟ್ಟು ಅನ್ನುವ ಪದ ಆಕಾರವನ್ನು ಹೇಳುತ್ತದೆ. ನಮಗೆ ಬೇಕಾಗಿರುವುದು ಅಳತೆ, ಗಟ್ಟಿತನ, ತೂಕ.

ಇನ್ನೊಂದು ದಾರಿ ‘ಭಾರಿ ಗುಂಡಿನ ರಿವಾಲ್ವರ್’ ಅನ್ನುವುದು. ಇದು ಪೂರ್ತಿ ತಪ್ಪು ಅಂತ ನನಗೆ ಖಚಿತವಾಗಿದೆ. ಯಾಕೆ ಅಂದರೆ ಗುಂಡು ಬೇರೆ, ಫ್ರೇಮ್ ಬೇರೆ. ಸ್ಮಿತ್ ಅಂಡ್ ವೆಸ್ಸನ್ ಕಂಪನಿ ತನ್ನ ಅಳತೆಗಳನ್ನು ಅಕ್ಷರಗಳಿಂದ ಕರೆಯುತ್ತದೆ. ಜೆ ಚಿಕ್ಕದು, ಕೆ ನಡುವಿನದು, ಎನ್ ದೊಡ್ಡದು. 1935ರಲ್ಲಿ .357 ಮ್ಯಾಗ್ನಮ್ ಅನ್ನುವ ಜೋರು ತೋಟೆ ಬಂದಾಗ ಅದರ ರಿವಾಲ್ವರನ್ನು ಎನ್ ಅಳತೆಯಲ್ಲೇ ಮಾಡಿದರು. 1955ರಲ್ಲಿ ಅದೇ ತೋಟೆಗೆ ಕೆ ಅಳತೆಯ ಹಗುರ ರಿವಾಲ್ವರ್ ಬಂತು. ಸೊಂಟಕ್ಕೆ ಕಟ್ಟಿಕೊಳ್ಳಲು ಹಾಯಾಗಿತ್ತು, ಆದರೆ ಜಾಸ್ತಿ ಖಾರದ (ಮದ್ದಿನ ಜೋರು ಹೆಚ್ಚಿರುವ) ತೋಟೆಗಳನ್ನು ಹೊಡೆದು ಹೊಡೆದು ಅದು ಸವೆಯತೊಡಗಿತು. ಎರಡರ ನಡುವೆ ಎಲ್ ಅನ್ನುವ ಅಳತೆ ಹುಟ್ಟಿದ್ದು ಹಾಗೆ. ಒಂದೇ ಗುಂಡು, ಮೂರು ಮೈ! ಇದಕ್ಕೆ ತಿರುವುಮುರುವು ಚಾರ್ಟರ್ ಆರ್ಮ್ಸ್ ಕಂಪನಿಯ ಬುಲ್‌ಡಾಗ್. 1973ರದ್ದು, ತೂಕ ಸುಮಾರು 600 ಗ್ರಾಂ, ಅಂಗೈಯಲ್ಲಿ ಮುಚ್ಚಿಹೋಗುವಷ್ಟು. ಹೊಡೆಯುವುದು ಮಾತ್ರ ದಪ್ಪನೆಯ .44 ಸ್ಪೆಷಲ್. ಅದನ್ನು ‘ಭಾರಿ ಗುಂಡಿನ ರಿವಾಲ್ವರ್’ ಅಂದರೆ ಸರಿ, ‘ಲಾರ್ಜ್ ಫ್ರೇಮ್’ ಅಂದರೆ ತಪ್ಪು.

ಹವ್ಯಾಸಿಗಳಿಗೆ ದೊಡ್ಡದೇ ಯಾಕೆ ಇಷ್ಟ ಅನ್ನುವುದರ ಒಳಗೂ ಈ ಪದವೇ ಇದೆ. ಅಣ್ಣನ ಮಗನ ಅಚ್ಚುಮೆಚ್ಚಿನದು ಸ್ಮಿತ್ ಅಂಡ್ ವೆಸ್ಸನ್ನಿನ ಮಾಡೆಲ್ 29. ಎನ್ ಅಳತೆ, .44 ಮ್ಯಾಗ್ನಮ್, ಆರೂವರೆ ಇಂಚಿನ ನಳಿಗೆ, ತೂಕ 1.3 ಕೆಜಿ ಮೀರುತ್ತದೆ. ಪೂರಾ ಖಾರದ ತೋಟೆ ಹಾಕಿದರೆ ಅದೂ ಜೋರಾಗಿಯೇ ಒದೆಯುತ್ತದೆ. ಆದರೆ ಅದೇ ಉರುಳೆಯಲ್ಲಿ ಮೆದುವಾದ .44 ಸ್ಪೆಷಲ್ ಕೂಡ ಕೂರುತ್ತದೆ. ಸ್ಪೆಷಲ್‌ನ ಚಿಪ್ಪನ್ನು (ಗುಂಡು, ಮದ್ದು ಹಿಡಿದಿಡುವ ಲೋಹದ ಕೊಳವೆ) ಉದ್ದ ಮಾಡಿಯೇ ಮ್ಯಾಗ್ನಮ್ ಮಾಡಿದ್ದು ಅಲ್ವಾ, ಅದಕ್ಕೆ. ಆಗ ಒದೆಯನ್ನೆಲ್ಲ ಕಬ್ಬಿಣದ ತೂಕವೇ ನುಂಗುತ್ತದೆ, ಕೈಗೆ ಬರುವುದು ಒಂದು ಮೆಲ್ಲನೆಯ ತಳ್ಳು. ಇಡೀ ಮಧ್ಯಾಹ್ನ ಹೊಡೆದರೂ ಮಣಿಕಟ್ಟು ನೋಯುವುದಿಲ್ಲವಂತೆ. ಅವನ ಪಟ್ಟಿಯಲ್ಲಿ 1979ರ ರೂಗರ್ ರೆಡ್‌ಹಾಕ್ ಇದೆ, 1990ರ ಕೋಲ್ಟ್ ಅನಕೊಂಡಾ ಇದೆ. 2003ರಲ್ಲಿ ಬಂದ, ಎನ್‌ಗಿಂತಲೂ ದೊಡ್ಡದಾದ ಎಕ್ಸ್ ಅಳತೆಯ ಸ್ಮಿತ್ ಅಂಡ್ ವೆಸ್ಸನ್ .500 ಕೂಡ ಇದೆ. ಉದ್ದ ನಳಿಗೆಯದಾದರೆ 2 ಕೆಜಿ, ಉರುಳೆಯಲ್ಲಿ ತೋಟೆಗೆ ಐದೇ ಮನೆ (ತೂತು). ನಮ್ಮ ಕಾನ್ಪುರದ ಆರ್ಡ್‌ನೆನ್ಸ್ ಕಾರ್ಖಾನೆ 2014ರಲ್ಲಿ ತಂದ ನಿರ್ಭೀಕ್ ರಿವಾಲ್ವರಿನ ತೂಕ 500 ಗ್ರಾಂ. ಅಂಥ ನಾಲ್ಕು ಸೇರಿದರೆ ಇದೊಂದು.

ಈಗ ನನ್ನ ಪದಕ್ಕೆ ಬರುತ್ತೇನೆ.

ಹೋದ ಕೈಲ್‌ಪೊಳ್ದಿಗೆ, ಅಂದರೆ ನಮ್ಮ ಆಯುಧಪೂಜೆಯ ಹಬ್ಬಕ್ಕೆ, ಐನ್‌ಮನೆಯಲ್ಲಿದ್ದೆ (ಒಕ್ಕದ ಮೂಲಮನೆ). ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲ ದೀಪದ ಮುಂದೆ ಸಾಲಾಗಿದ್ದವು. ಕೋವಿಗಳ ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತಿದ್ದೆವು. ಕೊಡವ ತಕ್ಕಿನಲ್ಲಿ (ಕೊಡವ ಭಾಷೆಯಲ್ಲಿ) ತೋಕ್ ಅಂದರೆ ಕೋವಿ, ಈ ಹೂವಿಗೆ ಕೋವಿಯದೇ ಹೆಸರು. ಸಾಲಿನ ಕೊನೆಗೆ ಅಜ್ಜನ ಕಾಲದ ವೆಬ್ಲಿ ರಿವಾಲ್ವರ್ ಇತ್ತು, 1915ರಲ್ಲಿ ಬಂದ ಆರನೇ ಮಾದರಿಯದು. ಹೂವಿನ ತೊಟ್ಟು ಅದರ ದಪ್ಪ ಬಾಯಲ್ಲಿ ನಿಲ್ಲದೆ ಮೂರು ಸಲ ಜಾರಿತು. ಕೊನೆಗೆ ಬಲ್ಯಪ್ಪನೇ (ದೊಡ್ಡಪ್ಪ) ಎರಡು ತೊಟ್ಟು ಜೋಡಿಸಿ ಸಿಕ್ಕಿಸಿದರು. ಪೂಜೆ ಮುಗಿದ ಮೇಲೆ ಅದನ್ನು ಕೈಗೆತ್ತಿಕೊಂಡು ಮಡಚಿ ತೋರಿಸಿದರು. ನಳಿಗೆ ಕೆಳಗೆ ಬಾಗಿತು, ಉರುಳೆಯ ನಡುವಿನಿಂದ ನಕ್ಷತ್ರದ ಹಾಗಿನ ತುಂಡೊಂದು ಮೇಲೆದ್ದು ಟಕ್ಕನೆ ಒಳಗೆ ಹೋಯಿತು. ಹೊಡೆದಾದ ಮೇಲೆ ಆರೂ ಖಾಲಿ ಚಿಪ್ಪುಗಳನ್ನು ಒಟ್ಟಿಗೆ ಎತ್ತಿ ಬಿಸಾಡುವುದು ಅದೇ. ನಡುಭಾಗದ ಮೇಲೆ ಹೆಬ್ಬೆರಳು ಸವರುತ್ತಾ ಬಲ್ಯಪ್ಪ ‘ಇದರ ಮೈ ಗಟ್ಟಿ ಮಗಾ, ನಳಿಗೆ ಹಾಳಾದರೂ ಮೈ ಹಾಳಾಗಲ್ಲ’ ಅಂದರು. ಕೊಡವ ತಕ್ಕಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದಿದ್ದೇನೆ.

ನಮ್ಮ ಕಡೆ ಕೋವಿ ರಿಪೇರಿ ಮಾಡುವವರನ್ನು ಕೇಳಿದೆ. ಅವರು ‘ಬಾಡಿ’ ಅನ್ನುತ್ತಾರೆ. ರಿಪೇರಿಯವರದು ಬಾಡಿ, ಬಲ್ಯಪ್ಪನದು ಮೈ. ಕೈಯಲ್ಲಿ ಹಿಡಿದವರಿಗೆ ಅದು ಒಡಲಾಗಿ ಕಾಣುತ್ತದೆ, ಕಿಟಕಿಯಾಗಿ ಅಲ್ಲ.

ಹಾಗಾಗಿ ನನ್ನ ಸಲಹೆ ‘ಮೈಕಟ್ಟು’. ‘ದೊಡ್ಡ ಮೈಕಟ್ಟಿನ ರಿವಾಲ್ವರ್’. ಎತ್ತಿನ ಮೈಕಟ್ಟು ಅಂದಾಗ ನಮಗೆ ಮೂಳೆಯ ಅಳತೆ, ತೂಕ, ತಾಳಿಕೆ ಮೂರೂ ಒಟ್ಟಿಗೆ ತಿಳಿಯುತ್ತದೆ. ಇಲ್ಲಿಯೂ ಬೇಕಾದ್ದು ಅದೇ. ಬರೀ ‘ಕಟ್ಟು’ ಅನ್ನಬಹುದಿತ್ತು, ಆದರೆ ‘ದೊಡ್ಡ ಕಟ್ಟು’ ಅಂದರೆ ವೀಳ್ಯದೆಲೆಯ ಕಟ್ಟು, ಸೌದೆಯ ಕಟ್ಟು ನೆನಪಾಗುತ್ತದೆ. ‘ಒಡಲು’ ಕೂಡ ಚೆನ್ನಾಗಿದೆ, ಆದರೆ ಅದರಲ್ಲಿ ಹೊಟ್ಟೆಯ ಅರ್ಥವೂ ಸೇರಿಕೊಂಡಿದೆ. ಎನ್ ಫ್ರೇಮ್, ಎಕ್ಸ್ ಫ್ರೇಮ್ ಅನ್ನುವುದು ಕಂಪನಿ ಇಟ್ಟ ಹೆಸರು, ಅದನ್ನು ಹಾಗೇ ಬಿಡುತ್ತೇನೆ.

ಉಳಿದ ಪದಗಳು ಅಷ್ಟು ಕಷ್ಟ ಕೊಡಲಿಲ್ಲ. ಸಿಲಿಂಡರಿಗೆ ಉರುಳೆ, ಅದರ ತೂತುಗಳಿಗೆ ಮನೆ, ಚದುರಂಗದ ಮನೆಯ ಹಾಗೆ. ಕಾರ್ಟ್ರಿಜ್‌ಗೆ ತೋಟೆ ಅಂತಲೇ ಬರೆದಿದ್ದೇನೆ. ಕೆಲವರು ತೋಟಾ ಅಂತ ಬರೆಯುತ್ತಾರೆ, ಆದರೆ ಕೊಡಗಿನಲ್ಲಿ ತೋಟ ಅಂದರೆ ಕಾಫಿ ತೋಟ. ಓದುವವರು ತಡವರಿಸಬಾರದು.

ಒಂದು ಕಡೆ ಮಾತ್ರ ಇನ್ನೂ ಬಗೆಹರಿದಿಲ್ಲ. ಹಳಬರು ಕೋವಿಯ ಹಿಂದೆ ಎದ್ದು ಬಡಿಯುವ ತುಂಡಿಗೆ ಕುದುರೆ ಅನ್ನುತ್ತಾರೆ. ಪತ್ರಿಕೆಗಳಲ್ಲಿ ಬೆರಳಿನಿಂದ ಎಳೆಯುವ ಟ್ರಿಗರಿಗೂ ಕುದುರೆ ಅಂತ ಬರುತ್ತದೆ. ರಿವಾಲ್ವರಿನ ವಿಷಯದಲ್ಲಿ ಇದು ದೊಡ್ಡ ತೊಡಕು. ಹೆಬ್ಬೆರಳಿನಿಂದ ಕುದುರೆ ಹಿಂದಕ್ಕೆಳೆದು ನಿಲ್ಲಿಸಿ ಆಮೇಲೆ ಟ್ರಿಗರ್ ಒತ್ತುವುದು ಒಂದು ಬಗೆ, ಬರೀ ಟ್ರಿಗರನ್ನೇ ಉದ್ದಕ್ಕೆ ಎಳೆದು ಹೊಡೆಯುವುದು ಇನ್ನೊಂದು ಬಗೆ. ಎರಡಕ್ಕೂ ಕುದುರೆ ಅಂದರೆ ವಾಕ್ಯವೇ ನಿಲ್ಲುವುದಿಲ್ಲ. ಸದ್ಯಕ್ಕೆ ಟ್ರಿಗರ್ ಅಂತಲೇ ಬಿಟ್ಟಿದ್ದೇನೆ. ಮಲೆನಾಡಿನ ಕಡೆಯವರು, ಹಳೆ ಮೈಸೂರಿನ ಕಡೆಯವರು, ಸೈನ್ಯದಲ್ಲಿದ್ದು ಬಂದವರು ಟ್ರಿಗರಿಗೆ ಮನೆಯಲ್ಲಿ ಯಾವ ಪದ ಬಳಸುತ್ತೀರಿ? ಮೈಕಟ್ಟಿನ ಬಗ್ಗೆಯೂ ಒಪ್ಪಿಗೆಯೋ, ಆಕ್ಷೇಪವೋ ಬರೆಯಿರಿ. ಸಂಚಿಕೆ ಅಚ್ಚಿಗೆ ಹೋಗಲು ಇನ್ನೂ ಮೂರು ವಾರ ಇದೆ.