ಅಂಗನವಾಡಿ ವಯಸ್ಸಿನ ಮಕ್ಕಳ ವರದಿಗಾರಿಕೆ: ಫೆಲೋಶಿಪ್ ಅರ್ಜಿ ಹಾಕುವವರಿಗೆ

ಪ್ರಶ್ನೆ (ಜಿಲ್ಲಾ ವರದಿಗಾರ, ಕೊಪ್ಪಳ): ಎಲ್ಲರಿಗೂ ನಮಸ್ಕಾರ. ಆರು ವರ್ಷದೊಳಗಿನ ಮಕ್ಕಳ ಬಗ್ಗೆ ಬರೆಯುವ ಪತ್ರಕರ್ತರಿಗೆ ವಿದೇಶಿ ಪ್ರತಿಷ್ಠಾನವೊಂದರ ಖರ್ಚಿನಲ್ಲಿ ತರಬೇತಿ ಫೆಲೋಶಿಪ್ ಇದೆ. ಪ್ರಯಾಣ, ವಸತಿ, ಆಮೇಲೆ ವರದಿ ಮಾಡಲು ಒಂದಿಷ್ಟು ಹಣ. ವರದಿಯ ಪ್ರಸ್ತಾವ, ಸಂಪಾದಕರ ಪತ್ರ, ಬಜೆಟ್ ಕೇಳಿದ್ದಾರೆ. ‘ಕೊಪ್ಪಳದಲ್ಲಿ ಮಕ್ಕಳ ಅಪೌಷ್ಟಿಕತೆ’ ಅಂತ ವಿಷಯ ಇಟ್ಟುಕೊಂಡಿದ್ದೇನೆ. ಆಗಬಹುದಾ? ದುಡ್ಡು ತಗೊಳ್ಳೋಕೆ ಕಾನೂನು ಅಡ್ಡ ಬರುತ್ತಾ?

ಉತ್ತರ (ಸಂಪಾದಕಿ, ತರಬೇತುದಾರರು): ಮೊದಲು ದುಡ್ಡಿನ ಮಾತು, ಯಾಕಂದರೆ ಹೆಚ್ಚಿನವರು ಅದನ್ನೇ ಕೊನೆಗೆ ನೋಡುತ್ತಾರೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಸೆಕ್ಷನ್ 3ರ ಪ್ರಕಾರ ನೋಂದಾಯಿತ ಪತ್ರಿಕೆಯ ವರದಿಗಾರ, ಅಂಕಣಕಾರ, ಸಂಪಾದಕ, ಮಾಲೀಕ ಯಾರೂ ವಿದೇಶಿ ದೇಣಿಗೆ ಪಡೆಯುವಂತಿಲ್ಲ. ಸೆಕ್ಷನ್ 4ರಲ್ಲಿ ವಿನಾಯಿತಿ ಇದೆ: ಸಂಬಳ ಅಥವಾ ಸಂಭಾವನೆ, ವಿದ್ಯಾರ್ಥಿವೇತನ, ಸ್ಟೈಪೆಂಡ್ ಮತ್ತು ಆ ಬಗೆಯ ಪಾವತಿ. ಹಾಗಾಗಿ ತರಬೇತಿಯ ಸ್ಟೈಪೆಂಡ್ ಸಾಮಾನ್ಯವಾಗಿ ತೊಡಕಾಗುವುದಿಲ್ಲ. ತಲೆನೋವು ಇರುವುದು ‘ರಿಪೋರ್ಟಿಂಗ್ ಗ್ರಾಂಟ್’, ಅಂದರೆ ಆಮೇಲೆ ವರದಿ ಮಾಡಲು ಕೊಡುವ ಹಣದ ಭಾಗದಲ್ಲಿ. ಅದು ಯಾವ ಲೆಕ್ಕದ ಹಣ ಅಂತ ಆಯ್ಕೆ ಪತ್ರದಲ್ಲೇ ಬರೆಸಿಕೊಳ್ಳಿ. ಪತ್ರವನ್ನು ಎಫ್‌ಸಿಆರ್‌ಎ ಗೊತ್ತಿರುವ ಆಡಿಟರಿಗೆ ತೋರಿಸಿ, ಆಮೇಲೆ ಬ್ಯಾಂಕ್ ವಿವರ ಕೊಡಿ. ಬರೀ ಹೆಸರು ಬದಲಾಯಿಸಿದರೆ ಹಣದ ಸ್ವರೂಪ ಬದಲಾಗಲ್ಲ. ಇಲ್ಲಿಯ ಸಂಸ್ಥೆಯೊಂದರ ಮೂಲಕ ಕೊಡಿಸುತ್ತೇವೆ ಅಂದರೂ ನಿರಾಳ ಆಗಬೇಡಿ: 2020ರ ತಿದ್ದುಪಡಿ ಬಂದ ಮೇಲೆ, ಒಂದು ಸಂಸ್ಥೆ ತನಗೆ ಬಂದ ವಿದೇಶಿ ದೇಣಿಗೆಯನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಟಿಕೆಟ್, ವಸತಿಯನ್ನು ಆಯೋಜಕರೇ ನೇರವಾಗಿ ಕಟ್ಟುವುದು ಎಲ್ಲರಿಗೂ ಸಲೀಸು.

ಇನ್ನು ವಿಷಯ. ‘ಜಿಲ್ಲೆಯಲ್ಲಿ ಅಪೌಷ್ಟಿಕತೆ’ ಅಂತ ಬರುವ ಅರ್ಜಿಗಳೇ ಜಾಸ್ತಿ, ಮೊದಲು ಪಕ್ಕಕ್ಕೆ ಹೋಗುವುದೂ ಅವೇ. ಅದು ವಿಷಯವಷ್ಟೇ, ಅದರೊಳಗೆ ಪ್ರಶ್ನೆ ಇಲ್ಲ. ನಿಮ್ಮ ಕಡೆ ಕುಷ್ಟಗಿ, ಯಲಬುರ್ಗಾದಿಂದ ಜನ ಗುಳೆ ಹೋಗುತ್ತಾರಲ್ಲ, ಅಲ್ಲಿಂದ ಹಿಡಿಯಿರಿ. ಮೂರು ವರ್ಷದೊಳಗಿನ ಮಕ್ಕಳಿಗೆ ಅಂಗನವಾಡಿ ಕೊಡುವುದು ಮನೆಗೆ ಒಯ್ಯುವ ಆಹಾರ. 2025ರ ಜುಲೈನಿಂದ ಅದನ್ನು ಪಡೆಯಲು ಅಂಗನವಾಡಿ ಲೆಕ್ಕ ಇಡುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ಗುರುತಿಸುವಿಕೆ ಕಡ್ಡಾಯವಾಗಿದೆ. ಅವ್ವ ಬೆಂಗಳೂರಿನ ಕಟ್ಟಡ ಕೆಲಸದಲ್ಲಿ, ಕೂಸು ಅಜ್ಜಿ ಹತ್ತಿರ: ಆಗ ಯಾರ ಮುಖ ತೋರಿಸುತ್ತಾರೆ? ಕೂಸೂ ಜೊತೆಗೆ ಹೋಗಿದ್ದರೆ ಹೆಸರು ಬೆಂಗಳೂರಿನ ಅಂಗನವಾಡಿಗೆ ವರ್ಗ ಆಗುತ್ತಾ, ಅಥವಾ ಎರಡೂ ಕಡೆ ಬಿಟ್ಟುಹೋಗುತ್ತಾ? ನೀವು ಉತ್ತರ ಹುಡುಕಬಹುದಾದ ಪ್ರಶ್ನೆ ಇದು. ಮೂರು ಹಳ್ಳಿ, ಒಂದು ಲೇಬರ್ ಶೆಡ್, ಒಂದು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿ ಸಾಕು.

ಒಂದು ಕಿವಿಮಾತು. ‘ಮಗುವಿನ ಮೆದುಳು ಮೂರು ವರ್ಷಕ್ಕೆ ಇಷ್ಟು ಶೇಕಡಾ ಬೆಳೆಯುತ್ತದೆ’ ಎಂಬ ಸಾಲಿನಿಂದ ಪ್ರಸ್ತಾವ ಶುರು ಮಾಡಬೇಡಿ. ಆಯ್ಕೆ ಮಾಡುವವರು ಅದನ್ನು ಓದಿ ಓದಿ ಬೇಸತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ವಿಶ್ವಬ್ಯಾಂಕ್ 2018ರಲ್ಲಿ ತಂದ ‘ನರ್ಚರಿಂಗ್ ಕೇರ್’ ಚೌಕಟ್ಟಿನಲ್ಲಿ ಆರೋಗ್ಯ, ಪೌಷ್ಟಿಕತೆ, ಸುರಕ್ಷತೆ, ಮಗುವಿಗೆ ಸ್ಪಂದಿಸುವ ಆರೈಕೆ, ಆರಂಭಿಕ ಕಲಿಕೆ ಅಂತ ಐದು ಅಂಶಗಳಿವೆ. ನಮ್ಮ ಪತ್ರಿಕೆಗಳು ಮೊದಲ ಎರಡನ್ನು ಬಿಟ್ಟು ಮುಂದೆ ಹೋಗುವುದು ಅಪರೂಪ. ಅಜ್ಜಿ ಹತ್ತಿರ ಬಿಟ್ಟ ಕೂಸಿನೊಂದಿಗೆ ದಿನವಿಡೀ ಮಾತಾಡುವವರು ಯಾರು ಅಂತಲೂ ನಿಮ್ಮ ವರದಿ ಕೇಳಿದರೆ ಅರ್ಜಿಗೆ ತೂಕ ಬರುತ್ತದೆ.

ಉತ್ತರ (ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ): ಅಂಕಿಅಂಶದ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವುದು, ಎತ್ತರಕ್ಕೆ ತಕ್ಕ ತೂಕ ಇಲ್ಲದಿರುವುದು, ವಯಸ್ಸಿಗೆ ತಕ್ಕ ತೂಕ ಇಲ್ಲದಿರುವುದು, ಇವು ಮೂರು ಬೇರೆ ಬೇರೆ ಅಳತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್-5ರಲ್ಲಿ ಕರ್ನಾಟಕದ ಸಂಖ್ಯೆ ಅದೇ ಕ್ರಮದಲ್ಲಿ ಶೇ 35.4, 19.5, 32.9. ಹಿಂದಿನ ಸಮೀಕ್ಷೆಗೆ ಹೋಲಿಸಿದರೆ ಎರಡನೆಯದು 26.1ರಿಂದ ಇಳಿದಿದೆ, ಮೊದಲನೆಯದು 36.2ರಿಂದ ಅಲುಗಿದ್ದೇ ಕಡಿಮೆ. ಮೂರನ್ನೂ ಬೆರೆಸಿ ‘ಅಪೌಷ್ಟಿಕತೆ’ ಅಂತ ಬರೆದರೆ ಈ ವ್ಯತ್ಯಾಸವೇ ಮಾಯ. ಪೋಷಣ್ ಟ್ರ್ಯಾಕರ್ ಲೆಕ್ಕವನ್ನು ಇದರ ಪಕ್ಕ ಇಟ್ಟು ‘ಇಳಿದಿದೆ’ ಅನ್ನಬೇಡಿ. ಅದು ಅಂಗನವಾಡಿಯಲ್ಲಿ ಅಳೆದ ಮಕ್ಕಳದ್ದು, ಇದು ಮನೆ ಮನೆ ಸಮೀಕ್ಷೆಯ ಮಾದರಿ. ಈ ಸಮೀಕ್ಷೆಯ ಜಿಲ್ಲಾ ಹಾಳೆಯಲ್ಲಿ ಆವರಣದೊಳಗಿನ ಅಂಕಿ ಕಂಡರೆ ಅದರ ಹಿಂದಿರುವುದು 25ರಿಂದ 49 ಪ್ರಕರಣ ಮಾತ್ರ. ಅದನ್ನು ತಲೆಬರಹ ಮಾಡಬಾರದು.

ಅಳೆಯುವುದನ್ನು ಕಣ್ಣಾರೆ ನೋಡಿ. ಎರಡು ವರ್ಷದೊಳಗಿನ ಮಗುವನ್ನು ಹಲಗೆ ಮೇಲೆ ಮಲಗಿಸಿ ಅಳೆಯಬೇಕು. ಒಬ್ಬರು ತಲೆ ಹಿಡಿದು, ಇನ್ನೊಬ್ಬರು ಮಂಡಿ ಒತ್ತಿ ಪಾದಕ್ಕೆ ಹಲಗೆ ತಾಗಿಸಬೇಕು. ಅಂದರೆ ಎರಡು ಜನ ಬೇಕು. ಸಹಾಯಕಿ ಅಡುಗೆ ಮಾಡುತ್ತಿದ್ದರೆ ಕಾರ್ಯಕರ್ತೆ ಒಬ್ಬಳೇ. ಮಗು ಕಾಲು ಮಡಚಿಕೊಂಡೇ ಇರುತ್ತದೆ, ಎತ್ತರ ಕಡಿಮೆ ಬರುತ್ತದೆ. ನಿಲ್ಲಿಸಿ ಅಳೆದರೂ ಸುಮಾರು 0.7 ಸೆಂ.ಮೀ. ಕಡಿಮೆ ಬರುತ್ತದೆ, ಅದನ್ನು ಕೂಡಿಸಬೇಕು. ತೋಳಿನ ಪಟ್ಟಿ ಸುಲಭ: ಆರು ತಿಂಗಳು ದಾಟಿದ ಮಗುವಿಗೆ ಎಡ ರಟ್ಟೆಯ ನಡುಭಾಗದಲ್ಲಿ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕೆಂಪು, ತೀವ್ರ ಅಪೌಷ್ಟಿಕತೆ. ನೀವೇ ಪಟ್ಟಿ ಹಿಡಿದು ಅಳೆಯಲು ಹೋಗಬೇಡಿ ಮತ್ತೆ.

ಮರುಪ್ರಶ್ನೆ: ತುಂಬಾ ಉಪಕಾರ ಮೇಡಂ. ಫೋಟೊ, ಬಜೆಟ್, ಆರ್‌ಟಿಐ?

ಉತ್ತರ (ಸಂಪಾದಕಿ): ಆರ್‌ಟಿಐ ಇವತ್ತೇ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಆದ್ದರಿಂದ ವಿತರಣೆ ಲೆಕ್ಕಕ್ಕೆ ಒಂದು, ಖಾಲಿ ಹುದ್ದೆಗೆ ಇನ್ನೊಂದು. ಉತ್ತರ ಬರದಿದ್ದರೆ ಮೊದಲ ಮೇಲ್ಮನವಿಗೆ ಮತ್ತೆ ಒಂದು ತಿಂಗಳಾದರೂ ಹಿಡಿಯುತ್ತದೆ ಅಂತ ಲೆಕ್ಕ ಹಾಕಿ ಪ್ರಕಟಣೆಯ ದಿನಾಂಕ ಬರೆಯಿರಿ.

ಬಜೆಟ್‌ನಲ್ಲಿ ಲ್ಯಾಪ್‌ಟಾಪ್, ಕ್ಯಾಮೆರಾ ಸೇರಿಸಿದರೆ ಹೊಡೆದು ಹಾಕುತ್ತಾರೆ. ಓಡಾಟ, ತಾಂಡಾಗಳಲ್ಲಿ ಲಂಬಾಣಿ ಮಾತಾಡುವ ಸಹಾಯಕರ ದಿನಗೂಲಿ, ಛಾಯಾಗ್ರಾಹಕರ ಶುಲ್ಕ ಬರೆಯಿರಿ. ಅದೇ ಮನೆಗಳಿಗೆ ಎರಡನೇ ಭೇಟಿಯ ಖರ್ಚನ್ನು ಬೇರೆಯಾಗಿ ತೋರಿಸಿ. ಅದು ಇಲ್ಲದ ಬಜೆಟ್ ಕಂಡರೆ ನನಗಂತೂ ಅನುಮಾನ.

ಫೋಟೊ: ಬಾಲನ್ಯಾಯ ಕಾಯ್ದೆ ಸೆಕ್ಷನ್ 74, ಪೋಕ್ಸೊ ಸೆಕ್ಷನ್ 23ರ ಅಡಿ ಬರುವ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಯಾವುದೂ ಹೋಗಬಾರದು. ಉಳಿದ ಮಕ್ಕಳಿಗೆ ತಂದೆತಾಯಿಯ ಒಪ್ಪಿಗೆ ಬೇಕು. ಅದನ್ನು ಕಾರ್ಯಕರ್ತೆ ಎದುರಲ್ಲಿ ಕೇಳಬೇಡಿ. ರೇಷನ್ ಕೊಡುವವಳ ಮುಂದೆ ಯಾರು ಬೇಡ ಅಂತಾರೆ? ಮುಖ ಮಸುಕು ಮಾಡಿ ಊರು, ಜಾತಿ, ಅಜ್ಜಿಯ ಹೆಸರು ಹಾಕಿದರೆ ಮಸುಕು ಮಾಡಿಯೂ ವ್ಯರ್ಥ.

ಸಂಪಾದಕರ ಪತ್ರದಲ್ಲಿ ‘ಪ್ರೋತ್ಸಾಹಿಸುತ್ತೇವೆ’ ಅಂತಿದ್ದರೆ ಸಾಲದು. ಯಾವ ತಿಂಗಳು, ಎಷ್ಟು ಕಂತು, ಯಾವ ಪುರವಣಿ ಅಂತ ಇರಲಿ. ಒಪ್ಪಂದದಲ್ಲಿ ‘ಪ್ರಕಟಣೆಗೆ ಮುನ್ನ ಪ್ರತಿ ಕಳುಹಿಸಬೇಕು’ ಎಂಬ ಷರತ್ತು ಕಂಡರೆ ಸಹಿ ಹಾಕುವ ಮೊದಲೇ ತೆಗೆಸಿ. ತೆಗೆಯಲ್ಲ ಅಂದರೆ ಆ ತರಬೇತಿ ಬೇಡ. ವರದಿಯ ಕೆಳಗೆ ಯಾರ ನೆರವು ಅಂತ ಒಂದು ಸಾಲು ಹಾಕಲು ಮಾತ್ರ ಮರೆಯಬೇಡಿ.