ಒಂಬತ್ತು ತಿಂಗಳ ಮಗನಿಗೆ ಒಂದು ಬೀಜ (ವೃಷಣ) ಇಳಿದಿಲ್ಲ, ಈಗಲೇ ಆಪರೇಷನ್ ಬೇಕಾ?

ಹೊಸನಗರದ ಅಮ್ಮ:
ನಮ್ಮದು ಹೊಸನಗರದ ಹತ್ತಿರ ಹಳ್ಳಿ. ಮಗ ದಿನ ತುಂಬಿಯೇ ಹುಟ್ಟಿದ್ದು. ಬಲಗಡೆಯ ಬೀಜ ಚೀಲಕ್ಕೆ ಇಳಿದಿಲ್ಲ. ಮೊದಲು ತೋರಿಸಿದ ಡಾಕ್ಟರು ಎರಡು ವರ್ಷದವರೆಗೆ ಕಾಯಿರಿ ಅಂದಿದ್ದರು. ಈಗ 9 ತಿಂಗಳ ಲಸಿಕೆಗೆ ಹೋದಾಗ ನರ್ಸಮ್ಮ ನೋಡಿ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಮಕ್ಕಳ ಸರ್ಜನ್ ಮುಟ್ಟಿ ನೋಡಿ, ತೊಡೆ ಸಂದಿಯಲ್ಲಿ ಕೈಗೆ ಸಿಗುತ್ತಿದೆ, ಒಂದು ವರ್ಷದ ಆಸುಪಾಸಿನಲ್ಲಿ ಮಾಡಿಬಿಡೋಣ ಅಂದರು. ಸ್ಕ್ಯಾನ್ ಕೂಡ ಬರೆಯಲಿಲ್ಲ! ಇಷ್ಟು ಸಣ್ಣ ಮಗುವಿಗೆ ಅರಿವಳಿಕೆ ಕೊಟ್ಟರೆ ಬುದ್ಧಿ ಮಂದ ಆಗುತ್ತದೆ, ಶಾಲೆಗೆ ಸೇರುವಾಗ ನೋಡೋಣ ಅಂತ ಅತ್ತೆ ಹೇಳುತ್ತಿದ್ದಾರೆ. ಯಾರ ಮಾತು ಕೇಳಲಿ?

ಸಾಗರದವ:
ಸುಮ್ನೆ ಹೆದರಬೇಡಿ. ನಮ್ಮ ಅಣ್ಣನ ಮಗನಿಗೂ ಹೀಗೇ ಇತ್ತು. ಚಳಿಗೆ ಮೇಲೆ ಹೋಗುತ್ತಿತ್ತು, ಹಂಡೆಯ ಬಿಸಿನೀರು ಬಿದ್ದರೆ ಕೆಳಗೆ ಬರುತ್ತಿತ್ತು. ಏನೂ ಮಾಡಿಸಲಿಲ್ಲ. ಈಗ ಕಾಲೇಜಿಗೆ ಹೋಗುತ್ತಿದ್ದಾನೆ.

ವಾರ್ಡ್ ಸಿಸ್ಟರ್:
ಸಾಗರದವರೇ, ನೀವು ಹೇಳುತ್ತಿರುವುದು ಬೇರೆ ವಿಷಯ. ಬೆಚ್ಚಗಿದ್ದಾಗ ತಾನೇ ಕೆಳಗೆ ಬಂದು ಚೀಲದಲ್ಲಿ ನಿಲ್ಲುತ್ತದೆ ಅಂದರೆ ಅದು ಇಳಿದ ಬೀಜವೇ, ಸ್ನಾಯು ಎಳೆದುಕೊಳ್ಳುತ್ತದೆ ಅಷ್ಟೆ. ಅದಕ್ಕೆ ಆಪರೇಷನ್ ಬೇಡ, ಆದರೂ ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು, ಕೆಲವರಿಗೆ ಆಮೇಲೆ ಮೇಲೇ ಉಳಿದುಬಿಡುತ್ತದೆ. ಈ ಅಮ್ಮನ ಮಗನದ್ದು ಹಾಗಲ್ಲ ಅಂತ ಸರ್ಜನ್ ಮುಟ್ಟಿಯೇ ಹೇಳಿದ್ದಾರಲ್ಲ.

ದಿನ ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ನೂರಕ್ಕೆ ಸುಮಾರು ಮೂವರಿಗೆ ಹೀಗಿರುತ್ತದೆ. ಇಳಿಯುವುದಿದ್ದರೆ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ ಇಳಿಯುತ್ತದೆ. 6 ತಿಂಗಳು ದಾಟಿದ ಮೇಲೆ ತಾನಾಗಿ ಇಳಿಯುವುದು ಬಹಳ ಅಪರೂಪ, ಹಾಗಾಗಿ ಎರಡು ವರ್ಷ ಕಾದರೂ ಸಿಗುವುದು ಏನೂ ಇಲ್ಲ. 6ರಿಂದ 18 ತಿಂಗಳೊಳಗೆ ಮುಗಿಸಿ ಅಂತಲೇ ಈಗಿನ ಸಲಹೆ. ಚೀಲದೊಳಗೆ ಮೈ ಶಾಖಕ್ಕಿಂತ 2ರಿಂದ 4 ಡಿಗ್ರಿ ತಂಪು ಇರುತ್ತದೆ, ಬೀಜಕ್ಕೆ ಅದೇ ಬೇಕು. ಮೇಲೆ ಬಿಸಿಯಲ್ಲೇ ಉಳಿದರೆ ಮುಂದೆ ವೀರ್ಯಾಣು ಆಗಬೇಕಾದ ಜೀವಕೋಶಗಳು ಮೊದಲ ವರ್ಷದಿಂದಲೇ ಕಡಿಮೆಯಾಗುತ್ತಾ ಹೋಗುತ್ತವೆ. ದೊಡ್ಡವರಾದ ಮೇಲೆ ಬೀಜದ ಕ್ಯಾನ್ಸರ್ ಬರುವ ಸಾಧ್ಯತೆಯೂ ಸ್ವಲ್ಪ ಜಾಸ್ತಿ. ಬೇಗ ಇಳಿಸಿದರೆ ಅದು ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ, ಆದರೆ ಗಂಟು ಬಂದರೆ ಕೈಗಾದರೂ ಸಿಗುತ್ತದೆ.

ಸ್ಕ್ಯಾನ್ ಬರೆಯದಿದ್ದದ್ದು ಸರಿಯೇ. ಕೈಗೆ ಸಿಕ್ಕಿದ್ದಕ್ಕೆ ಸ್ಕ್ಯಾನ್ ಯಾಕೆ? ಕೈಗೆ ಸಿಗದಿದ್ದರೂ ಅದನ್ನು ನಂಬಲಾಗುವುದಿಲ್ಲ, ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ಹಾಕಿ (ಲ್ಯಾಪರೋಸ್ಕೋಪಿ) ನೋಡುತ್ತಾರೆ.

ಅರಿವಳಿಕೆ ಬಗ್ಗೆ ಅತ್ತೆಗೆ ಇದನ್ನು ಹೇಳಿ. ಹರ್ನಿಯಾ (ಕರುಳು ತೊಡೆ ಸಂದಿಗೆ ಜಾರುವುದು) ಆಪರೇಷನ್ ಆದ ಎಳೆ ಶಿಶುಗಳನ್ನು 5 ವರ್ಷ ಆದಾಗ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಂದು ಗಂಟೆಯೊಳಗಿನ ಪೂರ್ತಿ ಅರಿವಳಿಕೆ ಪಡೆದವರಿಗೂ ಬೆನ್ನಿಗೆ ಮಾತ್ರ ಮದ್ದು ಕೊಟ್ಟವರಿಗೂ ಬುದ್ಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ತೀರ್ಥಹಳ್ಳಿ ಅಪ್ಪ:
ನಮ್ಮ ಮಗನಿಗೂ ಒಂದು ವರ್ಷದ ಹೊತ್ತಿಗೆ ಆಯಿತು. ಬೆಳಿಗ್ಗೆ ಸೇರಿಸಿ ಸಂಜೆ ಕಳಿಸಿದರು. ತೊಡೆ ಸಂದಿಯಲ್ಲೊಂದು, ಚೀಲದ ಮೇಲೊಂದು ಸಣ್ಣ ಗಾಯ, ಹೊಲಿಗೆ ತಾನೇ ಕರಗಿತು. ಮಗುವಿಗಿಂತ ನಮಗೇ ಕಷ್ಟ ಆಗಿದ್ದು, ಹಾಲಿಲ್ಲದೆ ಇರಿಸುವುದು. ಎದೆಹಾಲು 4 ಗಂಟೆ ಮೊದಲು, ಹಸುವಿನ ಹಾಲು, ಗಂಜಿ 6 ಗಂಟೆ ಮೊದಲು ನಿಲ್ಲಿಸಬೇಕು. ಆಮೇಲೆ ಸ್ವಲ್ಪ ದಿನ ಸೊಂಟದ ಮೇಲೆ ಕಾಲಗಲಿಸಿ ಕೂರಿಸಬೇಡಿ ಅಂದಿದ್ದರು, ಅಜ್ಜಿಗೆ ಇದನ್ನು ನೆನಪಿಸುವುದೇ ಒಂದು ಕೆಲಸ.

ಹೊಸನಗರದ ಅಮ್ಮ:
ಒಂದೇ ಕಡೆ ಆಗಿದ್ದರೆ ಮುಂದೆ ಮಕ್ಕಳಾಗಲು ತೊಂದರೆ ಇಲ್ಲ ಅಲ್ವಾ? ಮಳೆ ಜೋರಾಗಿದೆ, ಮಗುವಿಗೆ ಕಫ ಬೇರೆ.

ವಾರ್ಡ್ ಸಿಸ್ಟರ್:
ಒಂದೇ ಕಡೆಯದ್ದಾದರೆ ಹೆಚ್ಚಿನವರಿಗೆ ಮಕ್ಕಳಾಗುತ್ತವೆ. ಎರಡೂ ಕಡೆ ಇಳಿಯದಿದ್ದರೆ ತೊಂದರೆ ಜಾಸ್ತಿ. ಕಫ ಇದ್ದರೆ ಅರಿವಳಿಕೆ ಡಾಕ್ಟರೇ ಮುಂದೂಡುತ್ತಾರೆ. ಮಳೆ ಕಳೆದು ದೀಪಾವಳಿ ಹೊತ್ತಿಗೆ ಮಾಡಿಸಿದರೂ ಅವಧಿಯೊಳಗೇ ಇರುತ್ತೀರಿ. ದಿನಾಂಕ ಮಾತ್ರ ಈಗಲೇ ಬರೆಸಿಕೊಳ್ಳಿ. ಆದರೆ ಅಷ್ಟರಲ್ಲಿ ತೊಡೆ ಸಂದಿ ಊದಿ, ಮಗು ಮುಟ್ಟಲು ಬಿಡದೆ ಅತ್ತರೆ ಅಥವಾ ವಾಂತಿ ಮಾಡಿದರೆ ಕಾಯಬೇಡಿ, ರಾತ್ರಿಯಾದರೂ ಹೊರಡಿ. ಬೀಜ ತಿರುಚಿಕೊಂಡಿರಬಹುದು, ಇಲ್ಲಾ ಹರ್ನಿಯಾ ಸಿಕ್ಕಿಕೊಂಡಿರಬಹುದು.