ಈ ವಾರದ ಸಮಸ್ಯೆ: ಮರಳಿ ತವರಿಗೆ ಬಂದ ಮಗಳನು ತಾಯಿ ಗುರುತಿಸಳು

ಸಮಸ್ಯೆ ಕೊಟ್ಟವರು:
ಗೆಳೆಯರೇ, ಈ ಸಲ ಭಾಮಿನಿ ಷಟ್ಪದಿ. ಕೊನೆಯ ಸಾಲು ಮೇಲಿದೆ, ಅದಕ್ಕೆ ಹೊಂದುವ ಉಳಿದ ಐದು ಸಾಲು ಕಟ್ಟಿ ಪೂರಣ ಮಾಡಿ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಬರುವ ರಕಾರದ ಪ್ರಾಸ ತಪ್ಪಿಸಬೇಡಿ. ವಸ್ತು, ಪರ್ಷಿಯಾದ (ಇಂದಿನ ಇರಾನ್) ನೀಲಿ ಬಿಳಿ ಪಾತ್ರೆಗಳು.

ಸುಮ್ನೆ ಆರಿಸಿದ ವಸ್ತುವಲ್ಲ. ಪರ್ಷಿಯಾದ ಕಾಶಾನ್ ಪಟ್ಟಣದ ಹತ್ತಿರ ಕಮ್ಸರ್ ಅಂತ ಊರು, ಅಲ್ಲಿ ನೀಲಿ ಬಣ್ಣ ಕೊಡುವ ಕೋಬಾಲ್ಟ್ ಅದಿರು ಸಿಗುತ್ತಿತ್ತು. 14ನೇ ಶತಮಾನದಲ್ಲಿ ಚೀನಾದ ಜಿಂಗ್‌ದೆಝೆನ್ ಕುಂಬಾರರು ಪರ್ಷಿಯಾ ಕಡೆಯಿಂದ ಬಂದ ಕೋಬಾಲ್ಟಿನಲ್ಲೇ ಬಿಳಿ ಪಿಂಗಾಣಿಯ ಮೇಲೆ ಚಿತ್ರ ಬರೆದರು. ಆ ಪಾತ್ರೆಗಳು ಪರ್ಷಿಯಾಕ್ಕೆ ಬಂದಾಗ ಜನ ಮರುಳಾದರು. 1611ರಲ್ಲಿ ಶಾ ಅಬ್ಬಾಸ್ ದೊರೆ ಸಾವಿರಕ್ಕೂ ಹೆಚ್ಚು ಚೀನೀ ಪಾತ್ರೆಗಳನ್ನು ಅರ್ದಬೀಲಿನ ದರ್ಗಾಕ್ಕೆ ಒಪ್ಪಿಸಿದ. ಅವನ್ನು ಇಡಲೆಂದೇ ಗೋಡೆ ತುಂಬ ಗೂಡುಗಳಿರುವ ಕೋಣೆ ಅಲ್ಲಿದೆ. ಈ ಕತೆ ಓದಿದಾಗಿನಿಂದ ನನಗೆ ಇದೇ ಸಾಲು ತಲೆಯಲ್ಲಿ.

ಮೊದಲ ಪೂರಣ:

ಕರಿಯ ಹುಡಿಯಾಗಂದು ಹೊರಟಳು
ಪರರ ನಾಡಿಗೆ ಸೊಸೆಯ ತೆರದಲಿ
ಉರಿವ ಗೂಡಲಿ ಬೆಂದು ನೀಲಿಯ ಸೀರೆಯುಟ್ಟವಳು
ಸೆರಗ ತುಂಬಾ ಕಮಲ ಮೋಡದ
ಬರೆಹ ಹೊತ್ತಿಹ ಬೆಡಗ ಕಾಣುತ
ಮರಳಿ ತವರಿಗೆ ಬಂದ ಮಗಳನು ತಾಯಿ ಗುರುತಿಸಳು

ಸಮಸ್ಯೆ ಕೊಟ್ಟವರು:
ಆಹಾ! ಬರೆಯುವಾಗ ಕೋಬಾಲ್ಟ್ ಕಪ್ಪಗೆ, ಮಸಿ ಹಚ್ಚಿದ ಹಾಗೆ ಇರುತ್ತದೆ. ಆವಿಗೆಯಲ್ಲಿ ಬೆಂದ ಮೇಲೆಯೇ ನೀಲಿ. ಅದನ್ನು ಸೀರೆ ಉಡಿಸಿ ಹೇಳಿದ್ದು ತುಂಬ ಹಿಡಿಸಿತು. ಮೂರನೇ ಸಾಲನ್ನು ಮೂರು ಸಲ ಓದಿಕೊಂಡೆ.

ಎರಡನೇ ಪೂರಣ:
ನಾನು ಕೊನೆಯ ಸಾಲನ್ನು ಒಪ್ಪದೆ ಬರೆದಿದ್ದೇನೆ.

ಬರೆದ ಮುದ್ರೆಯು ಸುಳ್ಳು ಚೀನಿಯು
ಬಿರಿದ ಬಾಯಲಿ ಮರಳ ಕಾಳಿದೆ
ಕುರುಹು ಸಾಲದೆ ಪಾತ್ರೆ ಹುಟ್ಟಿದ ಮನೆಯ ಹೇಳಲಿಕೆ
ಅರಿತು ನೋಡಿರಿ ನೀಲಿ ಬಣ್ಣವ
ಬರಿದೆ ಯಾತಕೆ ನುಡಿವಿರೀ ಪರಿ
ಮರಳಿ ತವರಿಗೆ ಬಂದ ಮಗಳನು ತಾಯಿ ಗುರುತಿಸಳು

ನನ್ನ ಪದ್ಯದಲ್ಲಿರುವುದು ಪರ್ಷಿಯಾದ್ದೇ ಆದ ಕಿರ್ಮಾನ್ ಊರಿನ ಬಟ್ಟಲು. ಚೀನಾದವರ ಹಾಗೆ ಪಿಂಗಾಣಿ ಮಣ್ಣನ್ನು ಸುಮಾರು 1,300 ಡಿಗ್ರಿಯಲ್ಲಿ ಸುಡುವ ಕೆಲಸ ಪರ್ಷಿಯಾದ ಕುಂಬಾರರಲ್ಲಿ ಇರಲಿಲ್ಲ. ಕಾಶಾನಿನ ಕುಂಬಾರ ಮನೆತನದ ಅಬುಲ್ ಕಾಸಿಂ 1301ರಲ್ಲೇ ಇವರ ಮಣ್ಣಿನ ಅಳತೆ ಬರೆದಿಟ್ಟಿದ್ದಾನೆ: ಹತ್ತು ಪಾಲು ಬೆಣಚುಕಲ್ಲಿನ ಪುಡಿ, ಒಂದು ಪಾಲು ಗಾಜಿನ ಪುಡಿ, ಒಂದು ಪಾಲು ಬಿಳಿ ಜೇಡಿ. ಅದಕ್ಕೇ ಬಾಯಿ ಚೂರು ಕಿತ್ತುಹೋದ ಕಡೆ ಸಂಕ್ರಾಂತಿಯ ಸಕ್ಕರೆ ಅಚ್ಚು ಮುರಿದ ಹಾಗೆ ಕಾಳು ಕಾಳು. ಚೀನಾದ ಪಿಂಗಾಣಿ ಗಾಜಿನಂತೆ ನುಣುಪಾಗಿ ಒಡೆಯುತ್ತದೆ. ಇನ್ನು ತಳದಲ್ಲಿ ಚೀನೀ ಮುದ್ರೆಯ ಹಾಗೆ ಗೀಟುಗಳು. ಅಕ್ಷರವಲ್ಲ, ಅಕ್ಷರದ ನೆರಳು ಅಷ್ಟೇ.

ಮೊದಲ ಪೂರಣದವರು:
‘ಯಾತಕೆ ನುಡಿವಿರಿ’ ಅಂತ ಸಾಲನ್ನೇ ತಿರುಗಿಸಿದ್ದು ಸೊಗಸು. ಒಂದು ಅನುಮಾನ. ಕಿರ್ಮಾನಿನ ಬಟ್ಟಲು ಊರು ಬಿಟ್ಟೇ ಇಲ್ಲವಲ್ಲ, ‘ಮರಳಿ’ ಹೇಗೆ?

ಎರಡನೇ ಪೂರಣದವರು:
ಬಟ್ಟಲು ಹೋಗಿಲ್ಲ, ನಿಜ. ಆದರೆ ಬಿಳಿಯ ಮೇಲೆ ನೀಲಿಯಲ್ಲಿ ಬರೆಯುವುದು ಕಾಶಾನಿನವರಿಗೆ ಮೊದಲೇ ಗೊತ್ತಿತ್ತು, ಅಲ್ವಾ? ಆ ಕಸುಬೇ ಮಗಳು. ಚೀನಾ ಸುತ್ತಿ, ಕಮಲ ಮೋಡ ಹೊತ್ತು ಬಂದಳು.

ಸಮಸ್ಯೆ ಕೊಟ್ಟವರು:
ಒಪ್ಪಿದೆ. ಇನ್ನೊಂದು ಸೇರಿಸುತ್ತೇನೆ. 1644ರಲ್ಲಿ ಮಿಂಗ್ ಮನೆತನ ಬಿದ್ದು ಚೀನಾದ ಸರಕು ಕಡಿಮೆಯಾದಾಗ, ಡಚ್ ವ್ಯಾಪಾರಿಗಳು ಈ ಪರ್ಷಿಯಾದ ಪಾತ್ರೆಗಳನ್ನೇ ಒಯ್ದರು. ಮಗಳು ಮತ್ತೆ ಹಡಗು ಹತ್ತಿದಳು. ಅದಕ್ಕೊಂದು ಷಟ್ಪದಿ ಯಾರು ಬರೆಯುತ್ತೀರಿ?